ಮಲೆನಾಡಿನ ಬಯಲಿಗೆ ಮೊದಲ ರಿಮೋಟ್ ಹೆಲಿಕಾಪ್ಟರ್: ಕೊಳ್ಳುವ ಮುನ್ನ ನೋಡಬೇಕಾದ್ದು

ಅಂಗಡಿಯಲ್ಲಿ ಚೆನ್ನಾಗಿ ಹಾರಿದ ಹೆಲಿಕಾಪ್ಟರ್ ಮನೆಯ ಅಂಗಳಕ್ಕೆ ಬಂದ ಕೂಡಲೇ ಗಾಳಿ ಬೀಸಿದತ್ತ ತೇಲಿಹೋಗುತ್ತದೆ. ಕೆಟ್ಟಿದೆ ಎಂದು ಹಿಂತಿರುಗಿಸಲು ಹೊರಡುವವರು ಬಹಳ. ಅದು ಕೆಟ್ಟಿರುವುದಿಲ್ಲ, ಅದನ್ನು ಮಾಡಿರುವುದೇ ಮನೆಯೊಳಗೆ ಹಾರಿಸಲಿಕ್ಕೆ. ಹೊರಗೆ ಹಾರಿಸುವ ಆಸೆಯಿದ್ದರೆ ಆಯ್ಕೆಯೇ ಬೇರೆ.

ಮೊದಲು ತಲೆಯ ಮೇಲಿನ ಬ್ಲೇಡ್ ನೋಡಿ. ಒಂದರ ಮೇಲೊಂದು ಎರಡು ಜೊತೆ ಬ್ಲೇಡ್ ಇದ್ದು ವಿರುದ್ಧ ದಿಕ್ಕಿಗೆ ತಿರುಗುತ್ತಿದ್ದರೆ ಅದು ಕೋಆಕ್ಸಿಯಲ್. ಕೈಬಿಟ್ಟರೂ ತಾನಾಗಿ ಸಮತೋಲಕ್ಕೆ ಬರುತ್ತದೆ. ಆ ಗುಣವೇ ಬಯಲಲ್ಲಿ ತೊಡಕು: ಮೂತಿ ಬಗ್ಗಿಸಿ ಗಾಳಿಗೆ ಎದುರಾಗಿ ನುಗ್ಗಲು ಅದಕ್ಕೆ ಆಗದು. ಬಾಲದ ಪುಟ್ಟ ಫ್ಯಾನ್ ಆಕಾಶಕ್ಕೆ ಮುಖ ಮಾಡಿದ್ದರೆ ಅದು ರಿಮೋಟಿನಿಂದ ಮೂರೇ ಬಗೆಯ ಚಲನೆ ಸಾಧ್ಯವಿರುವ ಮೂರು ಚಾನೆಲ್‌ನ ಆಟಿಕೆ, ಪಕ್ಕಕ್ಕೆ ಸರಿಯುವುದೇ ಇಲ್ಲ. ಇನ್ಫ್ರಾರೆಡ್ ರಿಮೋಟ್‌ನದಂತೂ ಬೇಡವೇ ಬೇಡ. ಬಿಸಿಲಿನಲ್ಲೂ ಇನ್ಫ್ರಾರೆಡ್ ಇರುವುದರಿಂದ ಸಿಗ್ನಲ್ ಮುಚ್ಚಿಹೋಗಿ, ಹಾರುತ್ತಿದ್ದದ್ದು ಧೊಪ್ಪೆಂದು ಬೀಳುತ್ತದೆ.

ಕಲಿಯುವವರಿಗೆ ಬೇಕಾದ್ದು ಒಂದೇ ಜೊತೆ ಬ್ಲೇಡ್, ಬಾಲದಲ್ಲಿ ಪಕ್ಕಕ್ಕೆ ಮುಖ ಮಾಡಿದ ಫ್ಯಾನ್, ನಾಲ್ಕು ಚಾನೆಲ್, 2.4 ಗಿಗಾಹರ್ಟ್ಸ್ ರಿಮೋಟ್ ಮತ್ತು ವಾಲಿದ್ದನ್ನು ಗುರುತಿಸಿ ತಾನೇ ಸರಿಪಡಿಸುವ ಆರು ಆಕ್ಸಿಸ್ ಗೈರೊ ಇರುವ ಫಿಕ್ಸೆಡ್ ಪಿಚ್ ಯಂತ್ರ. ಡಬ್ಲ್ಯುಎಲ್‌ಟಾಯ್ಸ್ ವಿ911ಎಸ್, ಬ್ಲೇಡ್ 120 ಎಸ್ ಈ ಜಾತಿಯವು. ಎಕ್ಸ್‌ಕೆ ಕೆ110ನಂಥ ಆರು ಚಾನೆಲ್‌ನ ಕಲೆಕ್ಟಿವ್ ಪಿಚ್ (ಹಾರುವಾಗಲೇ ಬ್ಲೇಡಿನ ಓರೆ ಬದಲಾಯಿಸುವ) ಯಂತ್ರಗಳು ಗಾಳಿಗೆ ಚೆನ್ನಾಗಿ ತಡೆಯುತ್ತವೆ, ಆದರೆ ಬೆರಳು ಅಲುಗಿದಷ್ಟಕ್ಕೇ ನೆಗೆಯುತ್ತವೆ. ಅವು ಎರಡನೆಯ ಖರೀದಿಗೆ ಇರಲಿ.

ಫಿಕ್ಸೆಡ್ ಪಿಚ್‌ಗೂ ಮಿತಿಯಿದೆ. ಬ್ಲೇಡಿನ ಓರೆ ಬದಲಾಗದ ಕಾರಣ ಮೇಲೇರುವುದೂ ಇಳಿಯುವುದೂ ತಿರುಗುವ ವೇಗದಿಂದಲೇ. ಎದುರಿನಿಂದ ಗಾಳಿಯ ಹೊಡೆತ ಬಂದಾಗ ಯಂತ್ರ ತಟ್ಟನೆ ಮೇಲೇಳುತ್ತದೆ. ಥ್ರಾಟಲ್ (ಮೋಟಾರಿನ ವೇಗ ಏರಿಳಿಸುವ ಕಡ್ಡಿ) ಇಳಿಸಿದರೂ ವೇಗ ತಗ್ಗಲು ಒಂದು ಕ್ಷಣ ಬೇಕು. ಹೆದರಿ ಪೂರ್ತಿ ಇಳಿಸಿಬಿಟ್ಟರೆ ಕಲ್ಲಿನಂತೆ ಬೀಳುತ್ತದೆ. ಆದ್ದರಿಂದ ತೂಕ ನೋಡಿಯೇ ತೆಗೆದುಕೊಳ್ಳಿ. 30–50 ಗ್ರಾಂನದು ಎಲೆ ಅಲುಗದ ಹೊತ್ತಿಗೆ ಮಾತ್ರ. ಸುಮಾರು 100 ಗ್ರಾಂ ತೂಗುವ, ಮುಖ್ಯ ಬ್ಲೇಡ್ ತಿರುಗುವ ವೃತ್ತದ ವ್ಯಾಸ 30 ಸೆಂ.ಮೀ. ಆಸುಪಾಸಿನದು ತಂಗಾಳಿಗೆ ಜಗ್ಗುವುದಿಲ್ಲ, ಬಿದ್ದರೂ ಪುಡಿಯಾಗುವುದಿಲ್ಲ. ಅರ್ಧ ಮೀಟರಿಗೂ ದೊಡ್ಡ ಬ್ಲೇಡಿನದು ಸ್ಥಿರವೇನೋ ಹೌದು, ಆದರೆ ಕೈಗೆ, ಮುಖಕ್ಕೆ ತಗುಲಿದರೆ ಗಂಭೀರ ಗಾಯ. ಎತ್ತರ ತಾನೇ ಹಿಡಿದುಕೊಳ್ಳುವ ಸೌಲಭ್ಯ ಮೊದಲ ವಾರಕ್ಕೆ ಅನುಕೂಲ. ಅದು ಗಾಳಿಯ ಒತ್ತಡ ಅಳೆದು ಕೆಲಸ ಮಾಡುವುದರಿಂದ ಗಾಳಿ ಬೀಸಿದಾಗ ತಾನೇ ಏರಿಳಿಯಬಹುದು; ಬೇಡವಾದಾಗ ಆಫ್ ಮಾಡುವ ಸ್ವಿಚ್ ಇದೆಯೇ ಕೇಳಿ.

ಬಿಡಿಭಾಗ ಸಿಗದ ಯಂತ್ರವನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಹೆಚ್ಚಿನವನ್ನು ಆನ್‌ಲೈನ್‌ನಲ್ಲೇ ತರಿಸಬೇಕಾಗುವುದರಿಂದ ಯಂತ್ರದ ಜೊತೆಗೇ ಇಷ್ಟನ್ನು ತರಿಸಿಕೊಳ್ಳಿ: ಮುಖ್ಯ ಬ್ಲೇಡ್ ಎರಡು ಜೊತೆ, ಬಾಲದ ಫ್ಯಾನ್ ಎರಡು, ಮುಖ್ಯ ಗೇರ್, ಶಾಫ್ಟ್ ಮತ್ತು ಬಾಲದ ಮೋಟಾರ್ ಒಂದೊಂದು. ಒಂದು ಬ್ಯಾಟರಿಗೆ ಹಾರಾಟ 5ರಿಂದ 8 ನಿಮಿಷ, ಹಾಗಾಗಿ ಮೂರು ಬ್ಯಾಟರಿ ಬೇಕು. ಪ್ಲಗ್ ಒಂದೇ ಬಗೆಯದೇ ಎಂದು ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ.

ಜಾಗದ ವಿಷಯಕ್ಕೆ ಬಂದರೆ, ಕೊಯ್ಲಾದ ಗದ್ದೆಯಷ್ಟು ಒಳ್ಳೆಯ ಪಾಠಶಾಲೆ ಮಲೆನಾಡಿನಲ್ಲಿ ಇನ್ನೊಂದಿಲ್ಲ. ಕೂಳೆಯ ಮೇಲೆ ಬಿದ್ದರೆ ಪೆಟ್ಟು ಕಡಿಮೆ, ಸುತ್ತ ಜನವಿಲ್ಲ. ಏರಲು ಮಾತ್ರ ಒಂದು ಮಟ್ಟಸ ಹಲಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಾಲದ ಫ್ಯಾನ್ ಕೂಳೆಗೆ ಸಿಕ್ಕುತ್ತದೆ. ಶಾಲೆಯ ಮೈದಾನವಾದರೆ ಮಕ್ಕಳಿಲ್ಲದ ಹೊತ್ತು. ಬೆಳಿಗ್ಗೆ ಮಂಜು ಕರಗಿದ ಮೇಲೆ, ಗಾಳಿ ಏಳುವ ಮೊದಲು ಸಿಗುವ ಒಂದೆರಡು ಗಂಟೆ ಒಳ್ಳೆಯದು. ಅಡಿಕೆ ಸೋಗೆಯ ತುದಿ ಬಿಡದೆ ತೂಗುತ್ತಿದ್ದರೆ ಆ ದಿನ ಹಾರಿಸುವುದು ಬೇಡ. ಶರಾವತಿ ಹಿನ್ನೀರಿನ ದಡ ನೋಡಲು ಚೆಂದ, ಕಲಿಯಲು ಅಲ್ಲ. ಅಲ್ಲಿ ಗಾಳಿಗೆ ತಡೆಯೇ ಇಲ್ಲ, ನೀರಿಗೆ ಬಿದ್ದರೆ ಮುಗಿಯಿತು.

ಕಾನೂನಿನ ಮಾತು: 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೊ ವರ್ಗ, ಪೈಲಟ್ ಲೈಸೆನ್ಸ್ ಬೇಡ. ಆದರೆ 2023ರ ಫೆಬ್ರವರಿಯಿಂದ ಸೋಗಾನೆಯಲ್ಲಿ ವಿಮಾನ ನಿಲ್ದಾಣವಿದೆ. ಶಿವಮೊಗ್ಗ ಸುತ್ತಮುತ್ತಲಿನವರು ಎಲ್ಲಿ ಹಾರಿಸಬಹುದೆಂದು ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿಯೇ ಹಾರಿಸಬೇಕು.

ಮೊದಲ ದಿನ ಥ್ರಾಟಲ್ ಪೂರ್ತಿ ಕೆಳಗಿಟ್ಟು ರಿಮೋಟ್ ಆನ್ ಮಾಡಿ, ಆಮೇಲೆ ಬ್ಯಾಟರಿ ಸಿಕ್ಕಿಸಿ. ದೀಪ ಮಿನುಗುವುದು ನಿಲ್ಲುವವರೆಗೆ ಯಂತ್ರ ಅಲುಗಬಾರದು. ಆಗಲೇ ಗೈರೊ ತನ್ನ ಸಮತಲ ಗುರುತಿಸಿಕೊಳ್ಳುವುದು. ಕೈಯಲ್ಲಿ ಹಿಡಿದೇ ಸಿಕ್ಕಿಸಿದರೆ ಹಾರಿದ ಮೇಲೆ ಒಂದೇ ಕಡೆಗೆ ವಾಲುತ್ತದೆ. ಬಾಲ ನಿಮ್ಮ ಕಡೆಗಿರಲಿ, ಮೂತಿ ಗಾಳಿಗೆ ಎದುರಾಗಿರಲಿ. ನೆಲದಿಂದ ಗೇಣೆತ್ತರದಲ್ಲಿ ಬ್ಲೇಡಿನ ಗಾಳಿಯೇ ತಿರುಗಿ ಬಡಿದು ಓಲಾಡಿಸುತ್ತದೆ. ಅಳುಕದೆ ಒಂದು ಮೀಟರಿಗೆ ಏರಿಸಿ. ಬೀಳುವುದು ಖಚಿತವಾದ ಕ್ಷಣ ಥ್ರಾಟಲ್ ಸೊನ್ನೆಗೆ ತನ್ನಿ. ಬ್ಲೇಡ್ ಹುಲ್ಲಿಗೆ ಸಿಕ್ಕಿದ್ದಾಗಲೂ ಮೋಟಾರ್ ತಿರುಗುತ್ತಿದ್ದರೆ ಗೇರಿನ ಹಲ್ಲು ಹೋಗುತ್ತದೆ, ಮೋಟಾರೂ ಸುಡುತ್ತದೆ.

ಯಂತ್ರ ಗಿರಗಿರನೆ ಸುತ್ತತೊಡಗಿದರೆ ಬಾಲ ನೋಡಿ: ಫ್ಯಾನ್ ಸಡಿಲವಾಗಿರುತ್ತದೆ, ಇಲ್ಲವೇ ಅದರ ಶಾಫ್ಟಿಗೆ ಕೂದಲು, ಹುಲ್ಲಿನ ಎಳೆ ಸುತ್ತಿಕೊಂಡಿರುತ್ತದೆ. ಚಿಮುಟದಿಂದ ಎಳೆದು ತೆಗೆಯಿರಿ. ಮೈಯೆಲ್ಲ ನಡುಗುತ್ತಿದ್ದರೆ ಬ್ಲೇಡ್ ಸೀಳಿದೆ ಅಥವಾ ಶಾಫ್ಟ್ ಬಾಗಿದೆ.

ಅಡಿಕೆ ಮರದಲ್ಲಿ ಸಿಕ್ಕಿಕೊಂಡರೆ ಗೊನೆ ಇಳಿಸುವ ದೋಟಿ ಉಪಯೋಗಕ್ಕೆ ಬರುತ್ತದೆ. ಆದರೆ ಹತ್ತಿರದಲ್ಲಿ ವಿದ್ಯುತ್ ತಂತಿ ಇದ್ದರೆ ಎತ್ತಲೇಬೇಡಿ. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ. ತಂತಿಯ ಮೇಲೇ ಬಿದ್ದಿದ್ದರೆ ಲೈನ್‌ಮ್ಯಾನ್‌ಗೆ ಹೇಳಿ.

ಲಿಥಿಯಂ ಪಾಲಿಮರ್ ಬ್ಯಾಟರಿ ಹಾರಾಟದ ನಂತರ ತಣ್ಣಗಾಗುವವರೆಗೆ ಚಾರ್ಜಿಗೆ ಹಾಕಬಾರದು. 500 ಎಂಎಎಚ್‌ನದಕ್ಕೆ 0.5 ಆಂಪಿಯರ್ ಸಾಕು. ಉಬ್ಬಿದ್ದನ್ನು ಮತ್ತೆ ಬಳಸಬೇಡಿ, ರಾತ್ರಿ ಚಾರ್ಜಿಗಿಟ್ಟು ಮಲಗಬೇಡಿ. ಮಳೆಗಾಲದ ನಾಲ್ಕು ತಿಂಗಳು ಯಂತ್ರ ಹೇಗೂ ಡಬ್ಬಿಯಲ್ಲೇ. ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಬ್ಯಾಟರಿಯನ್ನು ಪ್ರತಿ ಸೆಲ್‌ಗೆ 3.8 ವೋಲ್ಟ್‌ನಷ್ಟು ಉಳಿಸಿ ಬೇರೆಯಾಗಿಡಿ. ತಿಂಗಳಿಗೊಮ್ಮೆ ಅಳೆದು, ಇಳಿದಿದ್ದರೆ ಮತ್ತೆ ಅಷ್ಟಕ್ಕೆ ತನ್ನಿ.