ಬೆರಳಿಟ್ಟು ತೋರಿಸು: 38ನೇ ವಯಸ್ಸಿನಲ್ಲಿ ಇಂಗ್ಲಿಷ್ ಪ್ಯಾಸೇಜ್ ಓದಲು ಕಲಿತದ್ದು

ನಾನು ಶಹಾಬಾದ್ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮನೆ ಕಲಬುರಗಿಯಲ್ಲಿ. ಡಿ.ಎಡ್. ಮುಗಿಸಿ ನೌಕರಿ ಸೇರಿದೆ, ಆಮೇಲೆ ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆ ಕಟ್ಟಿ ಪಾಸಾದೆ. ಬಿ.ಎಡ್. ಮಾತ್ರ ಉಳಿದೇ ಹೋಗಿತ್ತು. ಎರಡು ವರ್ಷ ರಜೆ ಹಾಕಿ ಕಾಲೇಜಿಗೆ ಹೋಗೋದು ನನ್ನಿಂದ ಆಗುವ ಮಾತಾಗಿರಲಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ನೌಕರಿ ಮಾಡುತ್ತಲೇ ಬಿ.ಎಡ್. ಮಾಡಬಹುದು, ನಮ್ಮಂಥ ಡಿ.ಎಡ್. ಆದವರಿಗೆ ಅವಕಾಶ ಇದೆ ಅಂತ ಗೊತ್ತಾದಾಗ ನನಗೆ 38 ವರ್ಷ. ಆದರೆ ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು.

ಪರೀಕ್ಷೆ 2 ತಾಸು, 100 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದರಲ್ಲಿ ಇಂಗ್ಲಿಷ್ ಕಾಂಪ್ರಹೆನ್ಷನ್‌ಗೆ, ಅಂದರೆ ಪ್ಯಾಸೇಜ್ (ಒಂದು ಬರಹದ ತುಂಡು) ಓದಿ ಅದರ ಮೇಲಿನ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ, ಇರುವುದು 10 ಅಂಕ ಮಾತ್ರ. ಉಳಿದದ್ದು ತಾರ್ಕಿಕ ಪ್ರಶ್ನೆಗಳು, ಸಾಮಾನ್ಯ ಜ್ಞಾನ, ಬೋಧನೆ ಕಲಿಕೆ, ಮತ್ತೆ ನಾವು ಆರಿಸಿಕೊಂಡ ವಿಷಯ. ಗೊತ್ತಿದ್ದವರೆಲ್ಲ ಒಂದೇ ಮಾತು ಹೇಳಿದರು: "ಇಂಗ್ಲಿಷ್ ಹತ್ತೇ ಮಾರ್ಕ್ಸ್ ಅದರಿ ಟೀಚರ್, ಅದನ್ನ ಬಿಟ್ಟು ಉಳಿದದ್ದು ಓದ್ರಿ."

ನಾನೂ ಹಾಗೇ ಅಂದುಕೊಂಡಿದ್ದೆ. ಹಳೆಯ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನಿಜ ತಿಳಿಯಿತು. ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ, ಕನ್ನಡದಲ್ಲಿ ಇಲ್ಲ. ಮಕ್ಕಳ ಕಲಿಕೆ ಬಗ್ಗೆ ನನಗೆ 14 ವರ್ಷದ ಅನುಭವ ಇದೆ. ಆದರೆ ಆ ಪ್ರಶ್ನೆಯನ್ನೂ ಇಂಗ್ಲಿಷಿನಲ್ಲೇ ಓದಬೇಕು. ಅಂದರೆ ಓದಿ ತಿಳಿಯುವ ಪರೀಕ್ಷೆ 10 ಅಂಕದ್ದಲ್ಲ, 100 ಅಂಕದ್ದು. 120 ನಿಮಿಷವನ್ನು 100 ಪ್ರಶ್ನೆಗೆ ಹಂಚಿದರೆ ಒಂದಕ್ಕೆ 72 ಸೆಕೆಂಡು. ಗಡಿಯಾರ ಮುಂದಿಟ್ಟುಕೊಂಡು ಮೊದಲ ಸಲ ಬರೆದಾಗ 61ನೇ ಪ್ರಶ್ನೆಗೆ ಬರುವಷ್ಟರಲ್ಲಿ 2 ತಾಸು ಮುಗಿಯಿತು. ಪ್ಯಾಸೇಜಿನ ಹತ್ತರಲ್ಲಿ ನಾಲ್ಕು ಸರಿ.

ನನ್ನ ಕೊರತೆ ಶಬ್ದಗಳದ್ದು ಅಂದುಕೊಂಡೆ. ಒಂದು ಗೈಡ್ ತಂದು ದಿನಕ್ಕೆ ಹತ್ತು ಶಬ್ದ ಬಾಯಿಪಾಠ ಮಾಡಿದೆ. ಎರಡು ತಿಂಗಳು ಸುಮ್ನೆ ಕಳೆದವು. ಶಬ್ದ ಗೊತ್ತಾದವು, ಸಾಲು ಗೊತ್ತಾಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ನನ್ನ ಹಾಗೆ ಕನ್ನಡ ಮಾಧ್ಯಮದಲ್ಲಿ ಓದಿದವರೆಲ್ಲ ಮೊದಲು ಇದೇ ದಾರಿ ಹಿಡಿಯುತ್ತಾರೆ.

ನಮ್ಮ ಮೇಲಿನ ಮನೆಯಲ್ಲಿ ಒಬ್ಬ ನಿವೃತ್ತ ಇಂಗ್ಲಿಷ್ ಲೆಕ್ಚರರ್ ಇದ್ದಾರೆ. ಒಂದು ಭಾನುವಾರ ಪ್ಯಾಸೇಜ್ ಬಿಡಿಸಿದ ಹಾಳೆ ತೆಗೆದುಕೊಂಡು ಅವರ ಹತ್ತಿರ ಹೋದೆ. ಅದು ತೊಗರಿ ಬೆಳೆಯ ಬಗ್ಗೆ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದ ಬರಹ. ಅದರ ಮೇಲೆ ಅವರೇ ನಾಲ್ಕು ಪ್ರಶ್ನೆ ಬರೆದುಕೊಟ್ಟಿದ್ದರು. ಒಂದು ಪ್ರಶ್ನೆ: ಪ್ಯಾಸೇಜಿನ ಪ್ರಕಾರ ಬೆಳೆ ಯಾಕೆ ಹಾಳಾಯಿತು? ನಾನು ನೆಟೆ ರೋಗ ಅಂತ ಗುರುತು ಹಾಕಿದ್ದೆ. ಆಳಂದ ಕಡೆ ನಮ್ಮ ಅಣ್ಣನ ಹೊಲದಲ್ಲಿ ನೆಟೆ ರೋಗ ಬಂದು ನಿಂತ ತೊಗರಿ ನಿಂತಲ್ಲೇ ಒಣಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅನುಮಾನವೇ ಬರಲಿಲ್ಲ.

ಸರ್ ಹಾಳೆ ನನ್ನ ಕಡೆ ತಿರುಗಿಸಿದರು. "ನೆಟೆ ರೋಗ ಅಂತ ಎಲ್ಲಿ ಬರ್ದಾರವ್ವ? ಬೆರಳಿಟ್ಟು ತೋರ್ಸು."

ಹುಡುಕಿದೆ. ಎಲ್ಲೂ ಇರಲಿಲ್ಲ. ಹೂ ಬಿಡುವ ಹೊತ್ತಿಗೆ ಮಳೆ ಜಾಸ್ತಿಯಾಗಿ ಕಪ್ಪು ನೆಲದಲ್ಲಿ ನೀರು ನಿಂತಿತು ಅಂತ ಬರೆದಿತ್ತು, ಅಷ್ಟೇ.

"ನಿಮ್ಮ ಅಣ್ಣನ ಹೊಲದಾಗ ಏನಾಗ್ಯಾದ ಅಂತ ಕೇಳಿಲ್ಲವ್ವ. ಈ ಕಾಗದದಾಗ ಏನದ ಅಂತ ಕೇಳ್ಯಾರ."

ನನ್ನ ಓದು ತಿರುಗಿದ್ದು ಆ ಒಂದು ಮಾತಿನಿಂದ. ವಯಸ್ಸಾದ ಮೇಲೆ ಪರೀಕ್ಷೆ ಬರೆಯುವವರಿಗೆ ಈ ತೊಂದರೆ ಹುಡುಗರಿಗಿಂತ ಜಾಸ್ತಿ. ನಮಗೆ ಹೊಲ ಗೊತ್ತು, ಮಕ್ಕಳು ಗೊತ್ತು, ಆಸ್ಪತ್ರೆ, ಬ್ಯಾಂಕು, ಸಂಸಾರ ಎಲ್ಲಾ ಗೊತ್ತು. ಪ್ಯಾಸೇಜ್ ಎರಡು ಸಾಲು ಓದಿದರೆ ಸಾಕು, ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡೆ. ಪ್ರತಿ ಉತ್ತರಕ್ಕೂ ಪ್ಯಾಸೇಜಿನಲ್ಲಿ ಒಂದು ಸಾಲು ತೋರಿಸಬೇಕು, ಆ ಸಾಲಿನ ಪಕ್ಕ ಪ್ರಶ್ನೆಯ ಸಂಖ್ಯೆ ಬರೆಯಬೇಕು. ಸಾಲು ಸಿಗದಿದ್ದರೆ ಉತ್ತರ ಸರಿ ಬಂದರೂ ನನ್ನ ಲೆಕ್ಕದಲ್ಲಿ ತಪ್ಪು. ಮೊದಮೊದಲು ಒಂದು ಪ್ಯಾಸೇಜಿಗೆ ಮುಕ್ಕಾಲು ತಾಸು ಹಿಡಿಯುತ್ತಿತ್ತು. ಹಿಡಿಯಲಿ ಅಂತ ಬಿಟ್ಟೆ. ವೇಗ ಆಮೇಲೆ ತಾನಾಗಿ ಬಂತು.

ಇನ್ನೊಂದು ತೊಡಕು ಇಂಗ್ಲಿಷಿನ ವಾಕ್ಯದ್ದೇ. ಒಂದು ಸಾಲು ನೋಡಿ: 'ದ ಟ್ಯಾಂಕ್ ದಟ್ ದ ವಿಲೇಜ್ ವಿಮೆನ್ ಹ್ಯಾಡ್ ಕ್ಲೀನ್ಡ್ ಡ್ರೈಡ್ ಅಪ್ ಇನ್ ಏಪ್ರಿಲ್.' ಇದರಲ್ಲಿ ನನಗೆ ಗೊತ್ತಿಲ್ಲದ ಶಬ್ದ ಒಂದೂ ಇಲ್ಲ. ಆದರೂ ಮೊದಲ ಓದಿಗೆ ಹೆಂಗಸರು ಏಪ್ರಿಲ್‌ನಲ್ಲಿ ಕೆರೆ ಸ್ವಚ್ಛ ಮಾಡಿದರು ಅಂತಲೇ ತಲೆಗೆ ಹೋಯಿತು. ಕನ್ನಡದಲ್ಲಿ ನಾವು ಹೇಗೆ ಹೇಳುತ್ತೇವೆ? ಊರ ಹೆಂಗಸರು ಸ್ವಚ್ಛ ಮಾಡಿದ್ದ ಕೆರೆ ಏಪ್ರಿಲ್‌ನಲ್ಲಿ ಒಣಗಿತು. ಕೆರೆ ಎಂಥದ್ದು ಅನ್ನುವ ಮಾತೆಲ್ಲ ಕೆರೆಗಿಂತ ಮುಂಚೆ ಬರುತ್ತದೆ, ಕ್ರಿಯಾಪದ ಕಟ್ಟಕಡೆಗೆ ಬಂದು ಬಾಗಿಲು ಹಾಕುತ್ತದೆ. ಇಂಗ್ಲಿಷಿನಲ್ಲಿ ಕೆರೆ ಮೊದಲು, ಅದರ ಬಗೆಗಿನ ಮಾತು ಆಮೇಲೆ. ನಡುವೆ ಇನ್ನೊಂದು ಕ್ರಿಯಾಪದ ಬಂದು ಕೂತಿರುತ್ತದೆ. ನಮ್ಮ ಕಣ್ಣು ಅದನ್ನೇ ಹಿಡಿದುಕೊಂಡು ಬಿಡುತ್ತದೆ.

ಇದಕ್ಕೆ ಪೆನ್ಸಿಲ್ ಹಿಡಿದೆ. ಪ್ರತಿ ಉದ್ದನೆಯ ಸಾಲಿನಲ್ಲಿ 'ಯಾರು' ಅನ್ನುವುದಕ್ಕೆ ಒಂದು ಗೆರೆ, 'ಏನು ಮಾಡಿದರು, ಏನಾಯಿತು' ಅನ್ನುವುದಕ್ಕೆ ಎರಡು ಗೆರೆ. 'ದಟ್', 'ಹೂ', 'ವಿಚ್' ಬಂದಲ್ಲಿಂದ ಆ ತುಂಡು ಮುಗಿಯುವವರೆಗೆ ಕಂಸ. ಕಂಸದ ಒಳಗಿನದ್ದನ್ನು ಮೊದಲ ಸಲ ಬಿಟ್ಟು ಓದುವುದು. ಕೆರೆ ಒಣಗಿತು. ಆಮೇಲೆ ಕಂಸ ಬಿಚ್ಚಿ ಯಾವ ಕೆರೆ ಅಂತ ನೋಡುವುದು. ಶಾಲೆಗೆ ಹೋಗುವ ರೈಲಿನಲ್ಲಿ ಸುಮಾರು ಅರ್ಧ ತಾಸು ಸಿಗುತ್ತಿತ್ತು. ಸೀಟು ಸಿಕ್ಕ ದಿನ ಪತ್ರಿಕೆಯ ಒಂದು ತುಂಡಿಗೆ ಗೆರೆ ಹಾಕುತ್ತಿದ್ದೆ. ಸಿಗದ ದಿನ ನಿಂತುಕೊಂಡೇ ಬೆರಳಲ್ಲಿ ಹುಡುಕುತ್ತಿದ್ದೆ. ಮೂರು ವಾರದ ನಂತರ ಸಣ್ಣ ಸಾಲುಗಳಿಗೆ ಗೆರೆ ಬೇಕಾಗಲಿಲ್ಲ. ಉದ್ದನೆಯ ಸಾಲಿಗೆ ಇವತ್ತಿಗೂ ಹಾಕುತ್ತೇನೆ.

ಇನ್ನು ಆ ಚಿಕ್ಕ ಚಿಕ್ಕ ಶಬ್ದಗಳು. ಬಾಯಿಪಾಠ ಮಾಡಿದ ದೊಡ್ಡ ಶಬ್ದಗಳಲ್ಲಿ ಪರೀಕ್ಷೆಗೆ ಎಷ್ಟು ಬಂದವೋ, ಆದರೆ ಅಂಕ ಕಳೆದದ್ದೆಲ್ಲ ಇವೇ. 'ಹಾರ್ಡ್ಲಿ' ಅನ್ನುವುದನ್ನು ನಾನು ವರ್ಷಗಟ್ಟಲೆ 'ಜೋರಾಗಿ' ಅಂತ ತಿಳಿದಿದ್ದೆ. ಮಳೆ ಹಾರ್ಡ್ಲಿ ಬೇರಿಗೆ ತಲುಪಿತು ಅಂದರೆ ಜೋರಾಗಿ ತಲುಪಿತು ಅಂತ. ಅದರ ಅರ್ಥ ತಲುಪಿತೋ ಇಲ್ಲವೋ ಅನ್ನುವಷ್ಟು ಕಡಿಮೆ ಅಂತ. ಪೂರ್ತಿ ಉಲ್ಟಾ. 'ಫ್ಯೂ' ಅಂದರೆ ಇಲ್ಲ ಅನ್ನುವಷ್ಟು ಕಮ್ಮಿ, 'ಎ ಫ್ಯೂ' ಅಂದರೆ ಒಂದಿಷ್ಟು ಇವೆ. ಒಂದೇ ಅಕ್ಷರದಲ್ಲಿ ಉತ್ತರ ಬದಲಾಗುತ್ತದೆ.

'ಆಲ್ದೋ', 'ಅನ್‌ಲೆಸ್', 'ಅನ್‌ಟಿಲ್' ಇವುಗಳದ್ದು ಬೇರೆ ಕಥೆ. ಕನ್ನಡದಲ್ಲಿ ಈ ಕೆಲಸ ಮಾಡುವುದು ಕ್ರಿಯಾಪದದ ಬಾಲ. ಮಳೆ ಬಂದರೂ, ಮಳೆ ಬಾರದಿದ್ದರೆ, ಮಳೆ ಬರುವವರೆಗೆ. ನಮ್ಮ ಕಿವಿ ಬಾಲಕ್ಕೆ ಕಾಯುತ್ತದೆ. ಇಂಗ್ಲಿಷಿನಲ್ಲಿ ಅವು ಆ ತುಂಡಿನ ತಲೆಯಲ್ಲೇ ನಿಂತಿರುತ್ತವೆ, ನಾವು ದಾಟಿ ಹೋಗಿರುತ್ತೇವೆ. ಹಾಗಾಗಿ ನೋಟ್‌ಬುಕ್ಕಿನ ಕಡೆಯ ಪುಟದಲ್ಲಿ ಒಂದು ಪಟ್ಟಿ ಮಾಡಿದೆ. ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ಬರೀ ಬಾಲ: ಆಲ್ದೋ ಎದುರಿಗೆ 'ರೂ', ಅನ್‌ಲೆಸ್ ಎದುರಿಗೆ 'ದಿದ್ದರೆ', ಬಿಕಾಸ್ ಎದುರಿಗೆ 'ದ್ದರಿಂದ'. ಒಟ್ಟು 30 ಶಬ್ದವೂ ಆಗಲಿಲ್ಲ. ಪ್ಯಾಸೇಜ್ ಕೈಗೆ ಬಂದ ಕೂಡಲೇ ಮೊದಲು ಇವುಗಳಿಗೆ ಸುತ್ತು ಹಾಕುತ್ತಿದ್ದೆ. 600 ಶಬ್ದದ ಬಾಯಿಪಾಠಕ್ಕಿಂತ ಈ ಒಂದು ಪುಟದಿಂದ ನನಗೆ ಉಪಯೋಗ ಆಯಿತು.

ಓದಲು ಏನು ಆರಿಸಿದೆ ಅಂತ ಕೇಳುತ್ತಾರೆ. ಎನ್‌ಸಿಇಆರ್‌ಟಿಯ 6ನೇ ತರಗತಿ ಇಂಗ್ಲಿಷ್ ಪುಸ್ತಕದಿಂದ ಶುರು ಮಾಡಿದೆ. ಅವರ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. 6 ಮುಗಿಸಿ 7, 8, ಹೀಗೆ 10ರವರೆಗೆ ಹೋದೆ. ಆಮೇಲೆ ಇಂಗ್ಲಿಷ್ ಪತ್ರಿಕೆ, ಕಡೆಗೆ ಇಗ್ನೋದ ಹಳೆಯ ಪ್ರಶ್ನೆಪತ್ರಿಕೆಗಳು. ಬರೀ ಉತ್ತರ ಕೊಟ್ಟು ಕಾರಣ ಕೊಡದ ಗೈಡ್‌ಗಳನ್ನು ಪಕ್ಕಕ್ಕಿಟ್ಟೆ. ಅವುಗಳಿಂದ ನಮ್ಮ ತಪ್ಪು ನಮಗೆ ಕಾಣುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಪ್ರಶ್ನೆ ಬಿಡಿಸಿದ್ದಲ್ಲ, ಪ್ರಶ್ನೆ ತೆಗೆದದ್ದು. ಶಾಲೆಯಲ್ಲಿ ಪ್ರಶ್ನೆಪತ್ರಿಕೆ ತೆಗೆದು ರೂಢಿ ಇದೆ, ಇಲ್ಲೂ ಮಾಡಿ ನೋಡೋಣ ಅನ್ನಿಸಿತು. ಮಕ್ಕಳನ್ನು ಕಲಬುರಗಿ ಕೋಟೆಗೆ ಕರೆದುಕೊಂಡು ಹೋಗಿದ್ದ ವಾರ ಅದು. ಅಲ್ಲಿನ ಜಾಮಿ ಮಸೀದಿಯ ಬಗ್ಗೆ ಇಂಗ್ಲಿಷಿನಲ್ಲಿ ಆರೇಳು ಸಾಲು ಬರೆದೆ. ಬಹಮನಿಯರ ಕಾಲದ್ದು, 1367ರಲ್ಲಿ ಕಟ್ಟಿದ್ದು, ಬೇರೆ ಮಸೀದಿಗಳಲ್ಲಿ ಇರುವ ಹಾಗೆ ನಡುವೆ ಬಯಲು ಅಂಗಳ ಇಲ್ಲ, ಇಡೀ ಜಾಗಕ್ಕೆ ಚಾವಣಿ ಇದೆ ಅಂತ. ಆಮೇಲೆ ಪ್ರಶ್ನೆ: ಈ ಮಸೀದಿಯ ವಿಶೇಷ ಏನು? ಸರಿ ಉತ್ತರ ಬರೆಯುವುದು ಸುಲಭ. ಮೂರು ತಪ್ಪು ಉತ್ತರ ಬರೆಯಬೇಕಲ್ಲ, ಅಲ್ಲಿ ಕೂತು ಯೋಚನೆ ಮಾಡಬೇಕಾಯಿತು.

ಒಂದು, ದೇಶದಲ್ಲೇ ಎಲ್ಲಕ್ಕಿಂತ ದೊಡ್ಡ ಮಸೀದಿ ಅಂತ ಬರೆದೆ. ಪ್ಯಾಸೇಜಿನಲ್ಲಿ ಅಷ್ಟು ದೊಡ್ಡ ಮಾತು ಇರಲೇ ಇಲ್ಲ. ಇನ್ನೊಂದು, ನಮ್ಮೂರಿನ ಸೂಫಿ ಸಂತ ಬಂದೇ ನವಾಜರಿಗಾಗಿ ಕಟ್ಟಿದ್ದು ಅಂತ. ಕಲಬುರಗಿಯವರು ಯಾರಾದರೂ ಈ ಹೆಸರು ಕಂಡ ಕೂಡಲೇ ಕೈ ಹಾಕುತ್ತಾರೆ. ಆದರೆ ಅವರು ಇಲ್ಲಿಗೆ ಬಂದದ್ದು ಮಸೀದಿ ಕಟ್ಟಿ ಸುಮಾರು ಮೂವತ್ತು ವರ್ಷದ ಮೇಲೆ, ಪ್ಯಾಸೇಜಿನಲ್ಲಂತೂ ಅವರ ಹೆಸರೇ ಇಲ್ಲ. ಮೂರನೆಯದಕ್ಕೆ ಪ್ಯಾಸೇಜಿನ ಶಬ್ದಗಳನ್ನೇ ಎತ್ತಿಕೊಂಡೆ: ಚಾವಣಿಯ ಪಕ್ಕದಲ್ಲಿ ಬಯಲು ಅಂಗಳ ಇದೆ. ಚಾವಣಿ, ಬಯಲು, ಅಂಗಳ ಎಲ್ಲಾ ಅಲ್ಲಿಯದೇ. ಅರ್ಥ ಮಾತ್ರ ತಿರುವಿದ್ದು. ಸರಿ ಉತ್ತರವನ್ನು ಬೇಕಂತಲೇ ಬೇರೆ ಶಬ್ದದಲ್ಲಿ ಬರೆದೆ: ಒಳಗೆ ನಮಾಜು ಮಾಡುವವರಿಗೆ ಎಲ್ಲಾ ಕಡೆ ನೆರಳು.

ಬರೆದು ಮುಗಿಸಿ ನೋಡಿದರೆ, ನಾನು ಅಲ್ಲಿಯವರೆಗೆ ಮಾಡಿದ ತಪ್ಪುಗಳೆಲ್ಲ ಆ ಮೂರು ಸಾಲಿನಲ್ಲಿ ಇದ್ದವು. ಅದರಲ್ಲೂ ಕಡೆಯದು. ಪ್ಯಾಸೇಜಿನ ಶಬ್ದ ಹಾಗೇ ಕಂಡರೆ ನನಗೆ ಧೈರ್ಯ ಬರುತ್ತಿತ್ತು, ಅದನ್ನೇ ಆರಿಸುತ್ತಿದ್ದೆ. ಅವತ್ತಿನಿಂದ ಹಾಗೆ ಕಂಡರೆ ಇನ್ನೊಂದು ಸಲ ಓದುವುದು ರೂಢಿಯಾಯಿತು. ಇಂಥ ಹದಿನೈದು ಪ್ಯಾಸೇಜ್ ಬರೆದಿರಬಹುದು. ನನ್ನ ಇಂಗ್ಲಿಷಿನಲ್ಲಿ ತಪ್ಪು ಇರುತ್ತಿದ್ದವು, ಸರ್ ತಿದ್ದುತ್ತಿದ್ದರು. ಬಿದರಿ ಕೆಲಸದ ಬಗ್ಗೆ ಒಂದು, ಶಹಾಬಾದ್ ಕಲ್ಲಿನ ಬಗ್ಗೆ ಒಂದು, ನಮ್ಮ ಶಾಲೆಯ ಬಿಸಿಯೂಟದ ಬಗ್ಗೆ ಒಂದು.

ಮೊದಲು ಪ್ಯಾಸೇಜ್ ಓದಬೇಕೋ ಪ್ರಶ್ನೆ ಓದಬೇಕೋ ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಎರಡನ್ನೂ ಹದಿನೈದು ದಿನ ಮಾಡಿ ನೋಡಿದೆ. ನನಗೆ ಪ್ರಶ್ನೆ ಮೊದಲು ಓದಿದರೆ ಒಳ್ಳೆಯದಾಯಿತು. ಆದರೆ ಪ್ರಶ್ನೆ ಮಾತ್ರ, ಕೆಳಗಿನ ನಾಲ್ಕು ಉತ್ತರ ಮುಚ್ಚಿಟ್ಟು. ಉತ್ತರಗಳನ್ನು ಮೊದಲೇ ಓದಿದರೆ ಅವುಗಳಲ್ಲಿ ಮೂರು ತಪ್ಪು ಮಾತು ತಲೆಯೊಳಗೆ ಕೂತು ಪ್ಯಾಸೇಜನ್ನೇ ಕೆಡಿಸುತ್ತವೆ. ಗೊತ್ತಿಲ್ಲದ ಶಬ್ದ ಬಂದರೆ ಡಿಕ್ಷನರಿ ಮುಟ್ಟುತ್ತಿರಲಿಲ್ಲ, ಎಲ್ಲಾ ಪ್ರಶ್ನೆ ಮುಗಿದ ಮೇಲೇ ನೋಡುತ್ತಿದ್ದೆ. ಪರೀಕ್ಷೆಯಲ್ಲಿ ಡಿಕ್ಷನರಿ ಇರುವುದಿಲ್ಲ ಅಲ್ವಾ.

ಶುರು ಮಾಡಿದ್ದು ಮೇ ತಿಂಗಳಲ್ಲಿ. ಕಲಬುರಗಿಯ ಮೇ ಅಂದರೆ ಮಧ್ಯಾಹ್ನ ಪುಸ್ತಕ ಹಿಡಿಯುವುದೂ ಕಷ್ಟ. ಬೆಳಗಿನ 5ಕ್ಕೆ ಎದ್ದು ಮಾಳಿಗೆ ಮೇಲೆ ಓದುತ್ತಿದ್ದೆ, ಬಿಸಿಲು ಏರುವ ಮುಂಚೆ ಒಂದು ಪ್ಯಾಸೇಜ್. ದಸರಾ ಹೊತ್ತಿಗೆ ಒಂದು ಪ್ಯಾಸೇಜ್ ಮತ್ತು ಅದರ ಪ್ರಶ್ನೆ 12 ನಿಮಿಷಕ್ಕೆ ಬಂತು. ಆಗ ಇದೇ ಅಭ್ಯಾಸವನ್ನು ಉಳಿದ 90 ಪ್ರಶ್ನೆಗೆ ಹಚ್ಚಿದೆ. ಅಲ್ಲೂ ಯಾರು, ಏನು, ಯಾವ ಚಿಕ್ಕ ಶಬ್ದ. 'ಇವುಗಳಲ್ಲಿ ಯಾವುದು ಅಲ್ಲ' ಅಂತ ಕೇಳುವ ಪ್ರಶ್ನೆಗಳಲ್ಲಿ ಆ 'ನಾಟ್' ಅನ್ನು ದಾಟಿ ಹೋಗಿ ಎಷ್ಟು ಅಂಕ ಬಿಟ್ಟಿದ್ದೆ ಅಂತ ಆಗ ಕಂಡಿತು.

ಪರೀಕ್ಷೆ ಜನವರಿಯಲ್ಲಿ ಬಂತು, ಅಣ್ಣನ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. 100 ಪ್ರಶ್ನೆಯೂ ಓದಿ ಮುಗಿಸಿದಾಗ ಇನ್ನೂ 9 ನಿಮಿಷ ಉಳಿದಿತ್ತು. ಪ್ಯಾಸೇಜಿನ ಒಂದು ಪ್ರಶ್ನೆಯಲ್ಲಿ ಎರಡು ಉತ್ತರದ ನಡುವೆ ಸಿಕ್ಕಿಕೊಂಡಿದ್ದೆ. ಆ 9 ನಿಮಿಷದಲ್ಲಿ ಅದಕ್ಕೇ ವಾಪಸ್ ಹೋದೆ. ಒಂದಕ್ಕೆ ಸಾಲು ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಸೀಟು ಸಿಕ್ಕಿತು. ಹೋದ ತಿಂಗಳು ಓದುವ ಬ್ಲಾಕ್‌ಗಳು (ಪಾಠದ ಪುಸ್ತಿಕೆಗಳು) ಅಂಚೆಯಲ್ಲಿ ಬಂದವು, ಎಲ್ಲವೂ ಇಂಗ್ಲಿಷಿನಲ್ಲಿ. ಮೊದಲ ಬ್ಲಾಕಿನ ಮೊದಲ ಪುಟದ ಮೊದಲ ಸಾಲೇ ನಾಲ್ಕು ಗೆರೆ ಉದ್ದ ಇತ್ತು. ಪೆನ್ಸಿಲ್ ತೆಗೆದುಕೊಂಡು 'ದಟ್' ಇದ್ದಲ್ಲಿ ಕಂಸ ಹಾಕಿದೆ.