ವರ್ಡಲ್ ಆಡುವಾಗ ಕಿವಿ ಮುಚ್ಚಿ, ಕಣ್ಣು ಬಿಡಿ

ವರ್ಡಲ್ ಗೊತ್ತಲ್ವಾ? ಇಂಟರ್ನೆಟ್‌ನಲ್ಲಿ ಆಡುವ ಪದದ ಆಟ. ಐದು ಅಕ್ಷರದ ಒಂದು ಇಂಗ್ಲಿಷ್ ಪದ, ಕಂಡುಹಿಡಿಯೋಕೆ ಆರು ಅವಕಾಶ. ಪ್ರತಿ ಸಲ ಒಂದು ಐದಕ್ಷರದ ಪದ ಹಾಕಿದರೆ ಬಣ್ಣಗಳು ಸುಳಿವು ಕೊಡುತ್ತವೆ. ಅಕ್ಷರ ಸರಿಯಾದ ಮನೆಯಲ್ಲಿ ಕೂತಿದ್ದರೆ ಹಸಿರು, ಪದದಲ್ಲಿದೆ ಆದರೆ ಮನೆ ಬೇರೆ ಅಂದರೆ ಹಳದಿ, ಇಲ್ಲವೇ ಇಲ್ಲ ಅಂದರೆ ಬೂದು. ದಿನಕ್ಕೆ ಒಂದೇ ಪದ, ರಾತ್ರಿ ಹನ್ನೆರಡಾದ ಮೇಲೆ ಹೊಸದು.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಶುರುವಿನಲ್ಲಿ ಮೇಲಿಂದ ಮೇಲೆ ಸೋಲುತ್ತಿದ್ದೆ, ನನಗೆ ಇಂಗ್ಲಿಷ್ ಪದಗಳೇ ಗೊತ್ತಿಲ್ಲ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ನಾನು ಸೋತ ಪದಗಳೆಲ್ಲ ಚೇರ್, ಲೈಟ್, ನೈಫ್ ಇಂಥವೇ, ಮನೆಯಲ್ಲಿ ದಿನಾ ಬಾಯಿಗೆ ಬರುವ ಪದಗಳು! ಕನ್ನಡದಲ್ಲಿ ಹೇಳಿದ ಹಾಗೇ ಬರೆದು ಅಭ್ಯಾಸ ಆಗಿರುವುದರಿಂದ ನಾವು ಪದವನ್ನು ಕಿವಿಯಿಂದ ಹುಡುಕುತ್ತೇವೆ. ಲೈಟ್ ಅನ್ನುವಾಗ ಜಿ, ಎಚ್ ಎಲ್ಲಿ ಕೇಳಿಸುತ್ತವೆ? ನೈಫ್‌ನ ಕೆ? ಅದಕ್ಕೇ ಮೊದಲ ಕೆಲಸ, ಒಂದು ಚೀಟಿಯ ಮೇಲೆ ಐದು ಗೆರೆ ಎಳೆದುಕೊಂಡು ಗೊತ್ತಾದ ಅಕ್ಷರ ತುಂಬಿಸಿ ನೋಡುವುದು. ಬಾಯಲ್ಲಿ ಹೇಳಿಕೊಳ್ಳಬೇಡಿ, ಸುಮ್ನೆ ನೋಡಿ.

ಮೊದಲ ಪದವನ್ನು ದಿನಾ ಬದಲಾಯಿಸಬೇಡಿ. ನನ್ನದು ಸ್ಲೇಟ್, ಅಂದರೆ ಎಸ್-ಎಲ್-ಎ-ಟಿ-ಇ. ಈ ಐದೂ ಜಾಸ್ತಿ ಬರುವ ಅಕ್ಷರಗಳು, ಒಂದೂ ಎರಡು ಸಲ ಇಲ್ಲ. ಕ್ರೇನ್ ಕೂಡ ಒಳ್ಳೆಯದೇ. ತುಂಬಾ ಜನ ಅಡ್ಯೂ (ಎ-ಡಿ-ಐ-ಇ-ಯು) ಹಾಕುತ್ತಾರೆ, ನಾಲ್ಕು ಸ್ವರ ಒಂದೇ ಏಟಿಗೆ ಗೊತ್ತಾಗುತ್ತೆ ನಿಜ, ಆದರೆ ಪದದ ಗುರುತು ಹತ್ತೋದು ವ್ಯಂಜನಗಳಿಂದ, ಹಾಗಾಗಿ ನನಗೆ ಅದು ಅಷ್ಟು ಹಿಡಿಸಲಿಲ್ಲ.

ಒಂದು ಆಟ ಆಡಿಯೇ ತೋರಿಸ್ತೀನಿ. ಸ್ಲೇಟ್ ಹಾಕಿದಿರಿ, ಮಧ್ಯದ ಎ ಹಸಿರು, ಉಳಿದ ನಾಲ್ಕೂ ಬೂದು. ಈಗ ಎಸ್, ಎಲ್, ಟಿ, ಇ ಮತ್ತೆ ಮುಟ್ಟಬಾರದು. ಮಧ್ಯದಲ್ಲಿ ಎ ಇಟ್ಟುಕೊಂಡೇ ನಾಲ್ಕು ಹೊಸ ಅಕ್ಷರ ನೋಡಬೇಕು. ಬ್ರೇನ್ ಹಾಕಿ: ಬಿ-ಆರ್-ಎ-ಐ-ಎನ್. ಎ, ಐ ಹಸಿರು ಬಂತು, ಆರ್ ಹಳದಿ, ಬಿ ಮತ್ತು ಎನ್ ಬೂದು. ಅಂದರೆ ಆರ್ ಎರಡನೇ ಮನೆಯಲ್ಲಿಲ್ಲ, ಮೊದಲು ಅಥವಾ ಕೊನೆಗೆ ಇರಬೇಕು. ಕೊನೆಗೆ ಇಟ್ಟು ನೋಡಿ, ಎ-ಐ-ಆರ್. ಸ್ಟೇರ್? ಎಸ್, ಟಿ ಹೋಗಿವೆ. ಫ್ಲೇರ್? ಎಲ್ ಹೋಗಿದೆ. ಉಳಿದದ್ದು ಸಿ-ಎಚ್-ಎ-ಐ-ಆರ್, ಚೇರ್. ಮೂರನೇ ಸಲಕ್ಕೇ ಬಂತು! ಕಿವಿ ನಂಬಿದ್ದರೆ ಚೇರ್‌ನಲ್ಲಿ ಐ ಇದೆ ಅನ್ನುವುದೇ ತಲೆಗೆ ಬರುತ್ತಿರಲಿಲ್ಲ.

ಇಂಗ್ಲಿಷ್ ಅಕ್ಷರಗಳಿಗೆ ನಮ್ಮ ಒತ್ತಕ್ಷರದ ಹಾಗೆ ಜೊತೆಗಾರರು ಇದ್ದಾರೆ. ಎಚ್ ಹಳದಿ ಬಂದರೆ ಅದರ ಹಿಂದೆ ಸಿ, ಎಸ್, ಟಿ ಅಥವಾ ಡಬ್ಲ್ಯೂ ಇಟ್ಟು ನೋಡಿ. ಕೆ ಇದ್ದರೆ ಹಿಂದೆ ಸಿ ಇದೆಯಾ ನೋಡಿ. ಕೊನೆಯ ಮನೆಯಲ್ಲಿ ಇ ಮತ್ತು ವೈ ತುಂಬಾ ಸಲ ಬರುತ್ತವೆ. ಎಸ್ ಕೊನೆಗೆ ಹಾಕಿ ಬಹುವಚನ ಮಾಡಿದ ಪದ ಸಾಮಾನ್ಯವಾಗಿ ಉತ್ತರ ಆಗಿರೋದಿಲ್ಲ.

ವಿಚಿತ್ರ ಪದ ಹುಡುಕೋಕೂ ಹೋಗಬೇಡಿ. ಈ ಆಟ ಮಾಡಿದ್ದು ಜಾಶ್ ವಾರ್ಡಲ್, 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಬಿಟ್ಟರು. ಇಂಗ್ಲಿಷಿನ ಐದಕ್ಷರದ ಪದಗಳು ಸುಮಾರು 12,000. ಅದರಲ್ಲಿ ತನಗೆ ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು ಅಂತ ಅವರ ಸಂಗಾತಿ ಪಲಕ್ ಶಾ ಕೂತು ವಿಂಗಡಿಸಿ ಸುಮಾರು 2,500ಕ್ಕೆ ಇಳಿಸಿದರು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಆಟವನ್ನು ಕೊಂಡುಕೊಂಡಿತು, ಈಗಲೂ ಉತ್ತರ ಹೆಚ್ಚಾಗಿ ಜನರ ಬಾಯಲ್ಲಿರುವ ಪದವೇ. ಒಂದು ಮಾತ್ರ ನೆನಪಿಡಿ, ಸ್ಪೆಲಿಂಗ್ ಅಮೆರಿಕದ್ದು. ನಾವು ಶಾಲೆಯಲ್ಲಿ ಯು ಸೇರಿಸಿ ಕಲಿತ ಫೇವರ್, ಹ್ಯೂಮರ್ ಅಲ್ಲಿ ಯು ಇಲ್ಲದೆ ಐದಕ್ಷರ. 2022ರಲ್ಲಿ ಇವೆರಡೂ ಉತ್ತರವಾಗಿ ಬಂದಾಗ ಬ್ರಿಟನ್ನಿನವರಿಗೂ ಸಿಟ್ಟು ಬಂದಿತ್ತು.

ಎರಡು ಸಲ ಬರುವ ಅಕ್ಷರದಲ್ಲಿ ಜಾಸ್ತಿ ಜನ ಎಡವುತ್ತಾರೆ. ಉತ್ತರ ಅಬೈಡ್, ಎ-ಬಿ-ಐ-ಡಿ-ಇ ಅಂತಿಟ್ಟುಕೊಳ್ಳಿ. ನೀವು ಸ್ಪೀಡ್ ಹಾಕಿದರೆ ಮೊದಲ ಇ ಹಳದಿ, ಎರಡನೇ ಇ ಬೂದು. ಬೂದು ನೋಡಿ ಇ ಇಲ್ಲವೇ ಇಲ್ಲ ಅಂತ ಬಿಟ್ಟರೆ ಕೆಟ್ಟಿರಿ. ಇ ಇದೆ, ಆದರೆ ಒಂದೇ ಇದೆ ಅಂತ ಅದರ ಅರ್ಥ.

ಇನ್ನು ನನ್ನನ್ನು ಅತಿ ಹೆಚ್ಚು ಕಾಡಿದ್ದು. ಎ-ಟಿ-ಸಿ-ಎಚ್ ನಾಲ್ಕೂ ಹಸಿರು, ಮೊದಲ ಮನೆ ಒಂದೇ ಖಾಲಿ. ಖುಷಿ ಆಗುತ್ತೆ, ಆದರೆ ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್, ಏಳು ಪದ ಇವೆ! ಒಂದೊಂದೇ ಹಾಕುತ್ತಾ ಹೋದರೆ ಆರೂ ಅವಕಾಶ ಮುಗಿದು ಹೋಗುತ್ತೆ, ನನ್ನ ಅರವತ್ತು ದಿನದ ಸತತ ಗೆಲುವು ಹೋಗಿದ್ದು ಹೀಗೇ, ಆವತ್ತು ಇಡೀ ದಿನ ಬೇಜಾರಲ್ಲಿದ್ದೆ. ಈಗ ಅಂಥ ಕಡೆ ಉತ್ತರ ಅಲ್ಲ ಅಂತ ಗೊತ್ತಿದ್ದೂ ಕ್ಲೈಂಬ್ ಹಾಕುತ್ತೇನೆ. ಸಿ-ಎಲ್-ಐ-ಎಂ-ಬಿ, ಕೊನೆಯ ಬಿ ಸಹ ಕಿವಿಗೆ ಕೇಳಿಸದು. ಎಲ್ ಹಳದಿಯಾದರೆ ಲ್ಯಾಚ್, ಎಂ ಆದರೆ ಮ್ಯಾಚ್, ಬಿ ಆದರೆ ಬ್ಯಾಚ್. ಸಿ ಹೇಗೂ ನಾಲ್ಕನೇ ಮನೆಯಲ್ಲಿ ಇದೆ, ಮೊದಲ ಮನೆಯಲ್ಲೂ ಹಸಿರಾದರೆ ಕ್ಯಾಚ್. ಇದ್ಯಾವುದೂ ಆಗದಿದ್ದರೆ ಉಳಿಯುವುದು ಮೂರೇ ಪದ. ಹಾರ್ಡ್ ಮೋಡ್ ಆನ್ ಇದ್ದರೆ ಈ ಉಪಾಯ ನಡೆಯೋದಿಲ್ಲ, ಸಿಕ್ಕ ಅಕ್ಷರಗಳನ್ನು ಬಳಸಲೇಬೇಕು. ಹಾಗಾಗಿ ಹೊಸಬರು ಆ ಸೆಟ್ಟಿಂಗ್ ಆಫ್ ಮಾಡಿಕೊಂಡೇ ಆಡಿ.