ಉಪ್ಪಿಗೂ ಜಗ್ಗದ ಪ್ರೋಟೀನ್: ಮಿಕ್ಸ್ಡ್ ಮೋಡ್ ಕಾಲಂ ಓಡಿಸೋದು ಹೇಗೆ?

ಚಿಕ್ಕಮಗಳೂರಲ್ಲಿ ಕಾಫಿ ಕ್ಯೂರಿಂಗ್ ನೋಡಿದ್ರೆ ಗೊತ್ತಿರುತ್ತೆ, ಬೀಜನ ಜರಡಿ ಹಿಡಿದು ಸೈಜ್ ಪ್ರಕಾರ ಬೇರೆ ಮಾಡ್ತಾರೆ, ಗಾಳಿ ಬಿಟ್ಟು ತೂಕದ ಪ್ರಕಾರ, ಆಮೇಲೆ ಬಣ್ಣ ನೋಡಿ ಕೆಟ್ಟದ್ದನ್ನ ಆರಿಸ್ತಾರೆ. ಪ್ರೋಟೀನ್ ಕಥೆನೂ ಹಾಗೇ, ಪ್ರೋಟೀನ್ ಬೇರೆ ಮಾಡೋಕೆ ರೆಸಿನ್ ಅನ್ನೋ ಸಣ್ಣ ಮಣಿಗಳನ್ನ ತುಂಬಿದ ಕೊಳವೆನೇ ಕಾಲಂ, ಒಂದು ಕಾಲಂ ಚಾರ್ಜ್ ನೋಡುತ್ತೆ, ಇನ್ನೊಂದು ನೀರು ಕಂಡ್ರೆ ಆಗದ ಹೈಡ್ರೋಫೋಬಿಕ್ ಗುಣ ನೋಡುತ್ತೆ. ಮಿಕ್ಸ್ಡ್ ಮೋಡ್ ರೆಸಿನ್ ಎರಡನ್ನೂ ಒಟ್ಟಿಗೇ ನೋಡುತ್ತೆ. ಇದೇನು ಹೊಸದಲ್ಲ, ಮೂಳೆ ಹಲ್ಲಲ್ಲಿರೋ ಖನಿಜ ಹೈಡ್ರಾಕ್ಸಿಅಪಟೈಟನ್ನ ಸ್ವೀಡನ್ ವಿಜ್ಞಾನಿ ಟಿಸೆಲಿಯಸ್ ತಂಡ 1956ರಲ್ಲೇ ಕಾಲಂಗೆ ತುಂಬಿತ್ತು, ಅದು ಚಾರ್ಜ್ ಜೊತೆಗೆ ಕ್ಯಾಲ್ಸಿಯಂ ಹಿಡಿತನೂ ಬಳಸುತ್ತೆ. ಇಲ್ಲಿ ಹೇಳ್ತಿರೋದು ನೆಗೆಟಿವ್ ಚಾರ್ಜಿನ ಕಾರ್ಬಾಕ್ಸಿಲ್ ಜೊತೆ ಹೈಡ್ರೋಫೋಬಿಕ್ ಫಿನೈಲ್ ರಿಂಗ್ ಇರೋ ರೆಸಿನ್ ಬಗ್ಗೆ.

ಕಲಿಯೋಕೆ ಬಿಎಸ್‌ಎ (ಹಸುವಿನ ರಕ್ತದ ಅಲ್ಬುಮಿನ್ ಪ್ರೋಟೀನ್) ಸಾಕು. ಅದರ ಪಿಐ, ಅಂದ್ರೆ ಒಟ್ಟು ಚಾರ್ಜ್ ಸೊನ್ನೆ ಆಗೋ ಪಿಎಚ್, ಸುಮಾರು 4.7, ಅದಕ್ಕಿಂತ ಕೆಳಗೆ ಅದು ಪಾಸಿಟಿವ್, ಹಾಗಾಗಿ ಪಿಎಚ್ 4.5ರ 50 ಮಿಲಿಮೋಲಾರ್ ಅಸಿಟೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡೋ ದ್ರಾವಣ) ಮಾಡ್ಕೊಳ್ಳಿ, ಕಾಲಂ ವಾಲ್ಯೂಮಿನ ಐದರಿಂದ ಹತ್ತು ಪಟ್ಟು ಬಫರ್ ಹರಿಸಿ. ಸ್ಯಾಂಪಲ್‌ನ ಸೆಂಟ್ರಿಫ್ಯೂಜ್ ಮಾಡಿ, 0.45 ಮೈಕ್ರಾನ್ ಫಿಲ್ಟರ್ ಹೊಡೀರಿ, ನಿಧಾನಕ್ಕೆ ಲೋಡ್ ಮಾಡಿ. ಸ್ಯಾಂಪಲ್ಲಲ್ಲಿ ಒಂದಿಷ್ಟು ಉಪ್ಪಿದ್ರೂ ಪರವಾಗಿಲ್ಲ, ಉಪ್ಪು ತೆಗೆಯೋ ಡಯಾಲಿಸಿಸ್‌ಗೆ ರಾತ್ರಿಯಿಡೀ ಕಾಯೋದು ತಪ್ಪುತ್ತೆ, ನನಗಂತೂ ಅದೇ ದೊಡ್ಡ ಲಾಭ. 280 ನ್ಯಾನೋಮೀಟರ್ ಬೆಳಕಿನ ರೀಡಿಂಗ್ (ಹೊರಬರೋ ಪ್ರೋಟೀನ್ ಎಷ್ಟು ಅಂತ ತೋರಿಸುತ್ತೆ) ಕೆಳಗಿಳಿಯೋವರೆಗೂ ಅದೇ ಬಫರಲ್ಲಿ ತೊಳೀರಿ.

ಈಗ ಹಿಡಿದ ಪ್ರೋಟೀನನ್ನ ಕಾಲಂನಿಂದ ಇಳಿಸೋದು. ಇಲ್ಲೇ ಎಲ್ರೂ ಎಡವೋದು, ನಾನೂ ಎಡವಿದ್ದೆ. ಹಾಸನದಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡೋವಾಗ ಚಾರ್ಜ್ ಮಾತ್ರ ನೋಡೋ ಅಯಾನ್ ಎಕ್ಸ್‌ಚೇಂಜ್ ಕಾಲಂನ ಅಭ್ಯಾಸದಲ್ಲಿ 1 ಮೋಲಾರ್ ಉಪ್ಪು ಬಿಟ್ಟು ಟ್ಯೂಬ್ ಮೇಲೆ ಟ್ಯೂಬ್ ಹಿಡಿದೆ, ಏನೂ ಬರ್ಲಿಲ್ಲ, ಕೊನೇ ಬಸ್ಸೂ ಹೋಯ್ತು. ಆಮೇಲೆ ತಲೆಗೆ ಹೋಯ್ತು: ಉಪ್ಪು ಜಾಸ್ತಿ ಆದ್ರೆ ಚಾರ್ಜ್ ಹಿಡಿತ ಸಡಿಲ ಆಗುತ್ತೆ ನಿಜ, ಆದ್ರೆ ಹೈಡ್ರೋಫೋಬಿಕ್ ಹಿಡಿತ ಇನ್ನೂ ಬಿಗಿಯಾಗುತ್ತೆ, ಒಂದು ಕೈ ಬಿಟ್ರೆ ಇನ್ನೊಂದು ಕೈ ಹಿಡ್ಕೊಳ್ಳುತ್ತೆ. ಅದಕ್ಕೆ ಪಿಎಚ್ ಏರಿಸ್ಬೇಕು. 7.5ಕ್ಕೆ ತಂದ್ರೆ ಬಿಎಸ್‌ಎ ನೆಗೆಟಿವ್ ಆಗುತ್ತೆ, ರೆಸಿನ್ನೂ ನೆಗೆಟಿವ್ವೇ, ಒಂದನ್ನೊಂದು ತಳ್ಳುತ್ವೆ. ಆಗ್ಲೂ ಹಟ ಮಾಡಿದ್ರೆ ಹೈಡ್ರೋಫೋಬಿಕ್ ಹಿಡಿತ ಸಡಿಲಿಸೋ ಅರ್ಜಿನೈನ್ ಅಥವಾ ಎಥಿಲೀನ್ ಗ್ಲೈಕಾಲ್ ಸೇರಿಸಿ ನೋಡಿ.

ನಿಮ್ಮದೇ ಪ್ರೋಟೀನಾದ್ರೆ ನೇರ ಕಾಲಂಗೆ ಹಾಕ್ಬೇಡಿ. ಸಣ್ಣ ಟ್ಯೂಬುಗಳಲ್ಲಿ 50 ಮೈಕ್ರೋಲೀಟರ್ ರೆಸಿನ್, ಜೊತೆಗೆ ಒಂಚೂರು ಪ್ರೋಟೀನ್ ಹಾಕಿ ಮೂರ್ನಾಲ್ಕು ಪಿಎಚ್, ಮೂರ್ನಾಲ್ಕು ಉಪ್ಪಿನ ಪ್ರಮಾಣ ಟ್ರೈ ಮಾಡಿ, ರೆಸಿನ್ ತಳ ಸೇರಿದ್ಮೇಲೆ ಮೇಲುಳಿಯೋ ನೀರನ್ನ ಪ್ರೋಟೀನ್ ತೋರಿಸೋ ಜೆಲ್‌ನಲ್ಲಿ ಓಡಿಸಿದ್ರೆ ಯಾವುದರಲ್ಲಿ ಹಿಡಿಯುತ್ತೆ, ಯಾವುದರಲ್ಲಿ ಬಿಡುತ್ತೆ ಗೊತ್ತಾಗುತ್ತೆ.

ಮುಗಿದ್ಮೇಲೆ ರೆಸಿನ್ ತಡೆಯುತ್ತೆ ಅಂತ ಅದರ ಕೈಪಿಡೀಲಿದ್ರೆ ಸೋಡಿಯಂ ಹೈಡ್ರಾಕ್ಸೈಡಲ್ಲಿ ತೊಳೆದು, ಬಫರ್ ಹರಿಸಿ, 20% ಎಥನಾಲಲ್ಲಿ ಇಡಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಪಂಪ್ ನಂಬೋ ಬದ್ಲು ತಾನಾಗೇ ಹನಿಯೋ ಗ್ರಾವಿಟಿ ಕಾಲಂ ಇಟ್ಕೊಳ್ಳಿ, ಆದ್ರೆ ಚಹಾಕ್ಕೆ ಹೋಗೋವಾಗ ಕೆಳಗಿನ ಮುಚ್ಚಳ ಹಾಕೋದು ಮರೀಬೇಡಿ, ಒಣಗಿದ್ರೆ ಮತ್ತೆ ತುಂಬ್ಬೇಕಾಗುತ್ತೆ.